ಹಳೆಯ ಎಂಜಿಬಿ, ದೂರದ ದಾರಿ

ಕೇಳುಗರಿಗೆ ನಮಸ್ಕಾರ.

ಅಂಬಾಸಿಡರ್ ಕಾರಿನ ಬಾನೆಟ್ ಎತ್ತಿ ಕೈ ಮಸಿ ಮಾಡಿಕೊಂಡವರಿಗೆ ಎಂಜಿಬಿ ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ಎಂಜಿನ್ ಅಪರಿಚಿತವೇನಲ್ಲ. ಎರಡೂ ಬ್ರಿಟನ್ನಿನ ಬಿ-ಸೀರೀಸ್ ಎಂಜಿನ್ ಮನೆತನದವು. ಅಂಬಾಸಿಡರ್‌ನದು 1489 ಸಿಸಿ, ಎಂಜಿಬಿಯದು 1798 ಸಿಸಿ, ಅದಕ್ಕೆ ಜೋಡಿ ಎಸ್‌ಯು ಕಾರ್ಬ್ಯುರೇಟರ್, ಅಂದರೆ ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ. ಇಂಗ್ಲೆಂಡಿನ ಆಬಿಂಗ್ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ತಯಾರಾದ ಈ ಸ್ಪೋರ್ಟ್ಸ್ ಕಾರನ್ನು ಅಲ್ಲಿ ಇಂದಿಗೂ ಮುದ್ದಿನಿಂದ ಸಾಕುವವರಿದ್ದಾರೆ. ಬೇಸಿಗೆ ಬಂತೆಂದರೆ ಅವರಿಗೆ ಸ್ಕಾಟ್ಲೆಂಡಿನತ್ತ ಹೊರಡುವ ಆಸೆ. ಇನ್ವರ್ನೆಸ್‌ನಿಂದ ಹೊರಟು ಉತ್ತರ ಕರಾವಳಿ ಸುತ್ತಿ ಮತ್ತೆ ಅಲ್ಲಿಗೇ ಬರುವ ‘ನಾರ್ತ್ ಕೋಸ್ಟ್ 500’ ದಾರಿ 516 ಮೈಲಿ, ಅಂದರೆ ಸುಮಾರು 830 ಕಿಲೋಮೀಟರ್. ಲಂಡನ್ನಿನಿಂದ ಇನ್ವರ್ನೆಸ್ ತಲುಪುವುದಕ್ಕೇ ಸುಮಾರು 900 ಕಿಲೋಮೀಟರ್ ಓಡಿಸಬೇಕು. ಐವತ್ತು ವರ್ಷದ ಕಾರನ್ನು ಇಷ್ಟು ದೂರಕ್ಕೆ ಹೇಗೆ ಅಣಿಗೊಳಿಸಬೇಕು ಎಂಬುದು ಇವತ್ತಿನ ಮಾತು. ಇಲ್ಲಿ ಹಳೆಯ ಅಂಬಾಸಿಡರ್, ಫಿಯಟ್ ಉಳಿಸಿಕೊಂಡವರಿಗೂ ಇದರಲ್ಲಿ ಬಹುಪಾಲು ಒಪ್ಪುತ್ತದೆ.

ಇಂಥ ಕಾರುಗಳು ದಾರಿಯಲ್ಲಿ ನಿಲ್ಲುವುದು ಪಿಸ್ಟನ್ ಮುರಿದೋ ಕ್ರ್ಯಾಂಕ್ ತುಂಡಾಗಿಯೋ ಅಲ್ಲ. ಅದು ಬಹಳ ಅಪರೂಪ. ನಿಲ್ಲಿಸುವುದು ಐದು ರೂಪಾಯಿಯ ರಬ್ಬರು, ಸಡಿಲವಾದ ತಂತಿ, ಇಲ್ಲವೇ ನಿನ್ನೆ ಮೊನ್ನೆ ಹಾಕಿದ ಹೊಸ ಬಿಡಿಭಾಗ. ಹೊಸ ಭಾಗ ಅಂದೆ, ತಪ್ಪಿ ಹೇಳಿದ್ದಲ್ಲ. ಹೊರಡುವ ಹಿಂದಿನ ರಾತ್ರಿ ಎಲ್ಲವನ್ನೂ ಬದಲಿಸಿ ಬೆಳಿಗ್ಗೆ ದಾರಿ ಹಿಡಿಯುವುದಕ್ಕಿಂತ ದೊಡ್ಡ ತಪ್ಪಿಲ್ಲ. ಮೂರು ವಾರ ಮೊದಲೇ ಕೆಲಸ ಶುರು ಮಾಡಿ. ಒಂದು ಸಲಕ್ಕೆ ಒಂದೇ ಕೆಲಸ. ಮುಗಿದ ಮೇಲೆ ಮೂವತ್ತು ನಲವತ್ತು ಕಿಲೋಮೀಟರ್ ಓಡಿಸಿ, ಆಮೇಲೆ ಮುಂದಿನದು. ಹೀಗೆ ಮಾಡಿದರೆ ತೊಂದರೆ ಎಲ್ಲಿಂದ ಬಂತು ಎಂದು ಹುಡುಕುವ ಪಾಡು ತಪ್ಪುತ್ತದೆ.

ಮೊದಲು ಪೆಟ್ರೋಲ್ ಪೈಪುಗಳು. ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರ್‌ನಿಂದ ಸಾಮಾನ್ಯ ಪೆಟ್ರೋಲಿನಲ್ಲಿ ಶೇಕಡಾ 10ರವರೆಗೆ ಎಥನಾಲ್ ಇರುತ್ತದೆ. ನಮ್ಮಲ್ಲಿ ಅದು ಈಗ ಶೇಕಡಾ 20ಕ್ಕೆ ಏರಿದೆ. ಹಳೆಯ ರಬ್ಬರಿಗೆ ಎಥನಾಲ್ ಆಗಿಬರುವುದಿಲ್ಲ. ಪೈಪು ಒಳಗಿನಿಂದ ಮೆತ್ತಗಾಗಿ ಚೂರು ಚೂರಾಗಿ ಉದುರುತ್ತದೆ, ಆ ಕಪ್ಪು ಚೂರುಗಳು ಹೋಗಿ ಕಾರ್ಬ್ಯುರೇಟರಿನ ಫ್ಲೋಟ್ ಸೂಜಿಯ ಕೆಳಗೆ ಕೂರುತ್ತವೆ. ಸೂಜಿ ಮುಚ್ಚಲಿಲ್ಲವೆಂದರೆ ಪೆಟ್ರೋಲ್ ಉಕ್ಕಿ ಹರಿಯುತ್ತದೆ. ಎಂಜಿಬಿಯಲ್ಲಿ ಕಾರ್ಬ್ಯುರೇಟರಿನ ಅಡಿಯಲ್ಲೇ ಕೆಂಪಗೆ ಕಾಯುವ ಎಕ್ಸಾಸ್ಟ್ ಇದೆ ಎನ್ನುವುದನ್ನು ಮರೆಯಬೇಡಿ. ಟ್ಯಾಂಕಿನಿಂದ ಕಾರ್ಬ್ಯುರೇಟರಿನವರೆಗಿನ ಎಲ್ಲ ರಬ್ಬರ್ ಪೈಪುಗಳನ್ನೂ ಎಥನಾಲ್ ತಡೆಯುವ ಆರ್9 ದರ್ಜೆಯವಕ್ಕೆ ಬದಲಿಸಿ. ಪೈಪಿನ ಮೈಮೇಲೆಯೇ ಆ ದರ್ಜೆ ಅಚ್ಚಾಗಿರಬೇಕು. ಇಲ್ಲದಿದ್ದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ.

ಇನ್ನು ಪೆಟ್ರೋಲ್ ಪಂಪು. ಅದು ಕರೆಂಟಿನದು, ಇರುವುದು ಕಾರಿನ ಹಿಂಭಾಗದಲ್ಲಿ. ಕೀಲಿ ತಿರುಗಿಸಿದಾಗ ಟಕ್ ಟಕ್ ಎಂದು ಬಡಿದು, ಕಾರ್ಬ್ಯುರೇಟರ್ ತುಂಬಿದ ಮೇಲೆ ಸುಮ್ಮನಾಗಬೇಕು. ಎಂಜಿನ್ ಓಡದಿದ್ದರೂ ಬಡಿತ ನಿಲ್ಲದಿದ್ದರೆ ಎಲ್ಲೋ ಸೋರುತ್ತಿದೆ ಅಥವಾ ಗಾಳಿ ಎಳೆಯುತ್ತಿದೆ. ಟ್ಯಾಂಕಿನಲ್ಲಿ ಪೆಟ್ರೋಲ್ ಇದ್ದೂ ಬಡಿಯದಿದ್ದರೆ ಒಳಗಿನ ಪಾಯಿಂಟ್, ಅಂದರೆ ಕರೆಂಟನ್ನು ಕೂಡಿಸಿ ಬಿಡಿಸುವ ತುದಿ, ಸುಟ್ಟಿರಬಹುದು. ಸ್ಪ್ಯಾನರಿನ ಹಿಡಿಯಿಂದ ಮೆಲ್ಲಗೆ ಒಂದು ತಟ್ಟಿದರೆ ಮತ್ತೆ ಶುರುವಾಗುವುದುಂಟು. ಆದರೆ ಅದು ಊರು ಸೇರುವವರೆಗಿನ ಉಪಾಯ, ರಿಪೇರಿಯಲ್ಲ.

ಇಗ್ನಿಷನ್, ಅಂದರೆ ಕಿಡಿ ಹೊತ್ತಿಸುವ ವ್ಯವಸ್ಥೆಯ ವಿಷಯಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡೋಣ. ಇಲ್ಲಿಯೂ ಕರೆಂಟು ಬಿಡಿಸುವ ಪಾಯಿಂಟ್ ಇದೆ, ಅದು ಡಿಸ್ಟ್ರಿಬ್ಯೂಟರಿನ ಒಳಗಿನದು. ಅದರ ಗ್ಯಾಪ್ 14ರಿಂದ 16 ಥೌ, ಪ್ಲಗ್ ಗ್ಯಾಪ್ 25 ಥೌ. ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಪಾಲು. ಪಾಯಿಂಟಿನ ಫೈಬರ್ ಹಿಮ್ಮಡಿ ಸವೆದಂತೆ ಗ್ಯಾಪ್ ಕಿರಿದಾಗುತ್ತದೆ. ಗ್ಯಾಪ್ ಕಿರಿದಾದರೆ ಕಿಡಿ ಹಾರುವ ಟೈಮಿಂಗ್ ಹಿಂದೆ ಬೀಳುತ್ತದೆ. ಟೈಮಿಂಗ್ ಹಿಂದೆ ಬಿದ್ದ ಎಂಜಿನ್ ಬಿಸಿಯಾಗುತ್ತದೆ. ಆಗ ಜನ ರೇಡಿಯೇಟರನ್ನು ಬಯ್ಯುತ್ತಾರೆ! ಹಾಗಾಗಿ ಮೊದಲು ಗ್ಯಾಪ್, ಆಮೇಲೆ ಟೈಮಿಂಗ್. ಈ ಕ್ರಮ ತಿರುಗುಮುರುಗಾಗಬಾರದು. ಪಾಯಿಂಟನ್ನು ತೆರೆಯುವ ಕ್ಯಾಮಿನ ಮೇಲೆ ಬೆಂಕಿಕಡ್ಡಿಯ ತಲೆಯಷ್ಟು ಗ್ರೀಸ್ ಸವರಿದರೆ ಹಿಮ್ಮಡಿ ಹೆಚ್ಚು ದಿನ ಬಾಳುತ್ತದೆ.

ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದಾಗ, ಒಳಗೆ ತಿರುಗುತ್ತಾ ಪ್ಲಗ್ಗುಗಳಿಗೆ ಕಿಡಿ ಹಂಚುವ ರೋಟರನ್ನು ಕೈಯಲ್ಲಿ ಹಿಡಿದು ನೋಡಿ. ನೆತ್ತಿಯ ಹಿತ್ತಾಳೆ ತಗಡನ್ನು ರಿವೆಟ್ ಹೊಡೆದು ಕೂರಿಸಿದ್ದರೆ ಅನುಮಾನ ಪಡಿ. ಅಗ್ಗದ ಮಾಲಿನಲ್ಲಿ ರಿವೆಟ್ಟಿಗೂ ಕೆಳಗಿನ ಶಾಫ್ಟಿಗೂ ನಡುವೆ ಪ್ಲಾಸ್ಟಿಕ್ ತೆಳುವಾಗಿರುತ್ತದೆ. ಕಾದ ಮೇಲೆ ಕಿಡಿ ಪ್ಲಗ್ಗಿಗೆ ಹೋಗುವ ಬದಲು ಅಲ್ಲೇ ತೂತು ಮಾಡಿಕೊಂಡು ಶಾಫ್ಟಿಗೆ ಇಳಿಯುತ್ತದೆ. ಎಂಜಿನ್ ಥಟ್ಟನೆ ನಿಲ್ಲುತ್ತದೆ, ಕಣ್ಣಿಗೆ ಕಾಣುವುದು ಸೂಜಿಮೊನೆಯಷ್ಟು ಕಪ್ಪು ಚುಕ್ಕೆ ಮಾತ್ರ. ರಿವೆಟ್ ಇಲ್ಲದ ಕೆಂಪು ಬಣ್ಣದ ರೋಟರ್ ಸಿಗುತ್ತದೆ, ಅದನ್ನೇ ಹಾಕಿ. ಪಾಯಿಂಟ್ ಸುಡದಂತೆ ಕಾಯುವ ಕಂಡೆನ್ಸರ್ ಕಥೆಯೂ ಇದೇ. ಹತ್ತು ವರ್ಷ ತೊಂದರೆ ಕೊಡದ ಹಳೆಯದನ್ನು ಕಿತ್ತು ಎಸೆಯಬೇಡಿ. ಹೊಸದನ್ನು ಹಾಕಿದರೂ ಹಳೆಯದಕ್ಕೆ ಡಬ್ಬಿಯಲ್ಲಿ ಜಾಗ ಕೊಡಿ.

ಟ್ಯಾಪೆಟ್ ಗ್ಯಾಪ್, ಅಂದರೆ ವಾಲ್ವಿಗೂ ಅದನ್ನು ಒತ್ತುವ ರಾಕರಿಗೂ ನಡುವಿನ ಸಂದು, ಎಂಜಿನ್ ತಣ್ಣಗಿದ್ದಾಗ 15 ಥೌ. ಎಂಟು ವಾಲ್ವುಗಳಿಗೆ ಒಂಬತ್ತರ ಲೆಕ್ಕ ಹಿಡಿಯಿರಿ. ಎಂಟನೆಯ ವಾಲ್ವ್ ಪೂರ್ತಿ ಒತ್ತಿಕೊಂಡಿರುವಾಗ ಒಂದನೆಯದನ್ನು, ಏಳನೆಯದು ಒತ್ತಿಕೊಂಡಾಗ ಎರಡನೆಯದನ್ನು ಸೆಟ್ ಮಾಡುವುದು. ಎರಡೂ ಅಂಕಿ ಕೂಡಿದರೆ ಒಂಬತ್ತು ಬರಬೇಕು. ಈ ಎಂಜಿನ್ ಸ್ವಲ್ಪ ಟಪಟಪ ಎನ್ನುವುದೇ ಅದರ ಗುಣ. ಸದ್ದು ಕೇಳಬಾರದೆಂದು ಬಿಗಿ ಮಾಡಿದರೆ ಎಕ್ಸಾಸ್ಟ್ ವಾಲ್ವ್ ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತದೆ.

ಎಂಜಿನ್ ಆಯಿಲ್ 20ಡಬ್ಲ್ಯೂ-50, ಫಿಲ್ಟರ್ ಸೇರಿ ನಾಲ್ಕೂಕಾಲು ಲೀಟರಿನ ಆಸುಪಾಸು. ಗೇರ್‌ಬಾಕ್ಸಿಗೂ ಇದೇ ಆಯಿಲ್. ಹೆದ್ದಾರಿಯಲ್ಲಿ ಎಂಜಿನ್ನಿನ ಸುತ್ತು ಇಳಿಸುವ ಹೆಚ್ಚುವರಿ ಗೇರಾದ ಓವರ್‌ಡ್ರೈವ್ ಸಹ ಅದೇ ಆಯಿಲಿನಿಂದ ಕೆಲಸ ಮಾಡುವುದರಿಂದ ಮಟ್ಟ ಇಳಿದರೆ ಅದು ಹಿಡಿಯುವುದಿಲ್ಲ. ಓವರ್‌ಡ್ರೈವ್ ಇಲ್ಲದೆ ಗಂಟೆಗೆ 70 ಮೈಲಿ ಓಡಿಸಿದರೆ ಎಂಜಿನ್ ನಿಮಿಷಕ್ಕೆ 3900 ಸುತ್ತಿನ ಹತ್ತಿರ ಅರಚುತ್ತದೆ. ಇದ್ದರೆ 3200ರ ಸುಮಾರಿಗೆ ಇಳಿಯುತ್ತದೆ. ಹೆದ್ದಾರಿಯಲ್ಲಿ ಕಿವಿಗೂ ಜೇಬಿಗೂ ಇದು ದೊಡ್ಡ ವ್ಯತ್ಯಾಸ.

ನೀರಿನ ಪೈಪುಗಳನ್ನು ಕೈಯಲ್ಲಿ ಹಿಂಡಿ ನೋಡಿ. ಚರಚರ ಎಂದರೆ, ಕ್ಲಿಪ್ಪಿನ ಹತ್ತಿರ ಉಬ್ಬಿದ್ದರೆ ಬದಲಿಸಿ. ಥರ್ಮೋಸ್ಟಾಟ್ 82 ಡಿಗ್ರಿಯದು ಸಾಕು. ರೇಡಿಯೇಟರ್ ಮುಚ್ಚಳದ ಸ್ಪ್ರಿಂಗ್ ಸೋತಿದ್ದರೆ ಒತ್ತಡ ನಿಲ್ಲದೆ ನೀರು ಬೇಗ ಕುದಿಯುತ್ತದೆ. ಚಿಕ್ಕ ಭಾಗ, ಹೊಸದೇ ಹಾಕಿಬಿಡಿ. ಏರಿನಲ್ಲಿ ಬಿಸಿ ತೋರಿಸುವ ಮುಳ್ಳು ಮೇಲೇರಿದರೆ ಹೀಟರನ್ನು ಪೂರ್ತಿ ತೆರೆಯಿರಿ. ಕಾಲು ಬೆವರುತ್ತದೆ, ಎಂಜಿನ್ ಬದುಕುತ್ತದೆ.

ಬ್ರೇಕು. ಆ ಸ್ಕಾಟ್ಲೆಂಡ್ ದಾರಿಯಲ್ಲಿ ಆಪಲ್‌ಕ್ರಾಸ್ ಎಂಬ ಹಳ್ಳಿಗೆ ಹೋಗುವ ಬೆಲಾಖ್ ನ ಬಾ ಘಾಟಿ ಸಮುದ್ರಮಟ್ಟದಿಂದ 626 ಮೀಟರಿಗೆ ಏರುತ್ತದೆ, ಕೆಲವು ಕಡೆ ಐದಕ್ಕೆ ಒಂದರ ಕಡಿದು. ಏರಿದ್ದನ್ನು ಇಳಿಯಲೂ ಬೇಕಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ತೇವ ಸೇರಿದ ಆಯಿಲ್ ಇಳಿಜಾರಿನಲ್ಲಿ ಕಾದು ಕುದಿದರೆ ಪೆಡಲ್ ತಳಕ್ಕೆ ಹೋಗುತ್ತದೆ. ಎರಡು ವರ್ಷ ದಾಟಿದ್ದರೆ ಡಾಟ್ 4 ದರ್ಜೆಯ ಆಯಿಲ್ ಹೊಸದಾಗಿ ತುಂಬಿ. ಮುಂದಿನ ಚಕ್ರಗಳ ರಬ್ಬರ್ ಹೋಸ್ ಹೊರಗಿನಿಂದ ಚೆನ್ನಾಗಿ ಕಂಡರೂ ಒಳಗೆ ಊದಿಕೊಂಡಿರಬಹುದು. ಒತ್ತಿದಾಗ ಆಯಿಲ್ ಹೋಗುತ್ತದೆ, ಕಾಲು ತೆಗೆದಾಗ ವಾಪಸ್ ಬರುವುದಿಲ್ಲ, ಬ್ರೇಕ್ ಹಿಡಿದುಕೊಂಡೇ ಇರುತ್ತದೆ. ಒಂದು ಚಕ್ರದ ಹಬ್ ಮಾತ್ರ ಸುಡುವಷ್ಟು ಬಿಸಿಯಾಗಿದ್ದರೆ ಮೊದಲು ಸಂಶಯಿಸಬೇಕಾದ್ದು ಇದನ್ನೇ.

ಮುಂಭಾಗವನ್ನು ಜಾಕ್ ಮೇಲೆತ್ತಿ, ಚಕ್ರದ ಭಾರ ಬಿಟ್ಟ ಮೇಲೆ ಮುಂದಿನ ಚಕ್ರ ಹೊರಳುವ ಕೀಲಾದ ಕಿಂಗ್‌ಪಿನ್ನಿಗೆ ಗ್ರೀಸ್ ಹೊಡೆಯಿರಿ. ಒಂದೊಂದು ಬದಿಗೆ ಮೂರು ಗ್ರೀಸ್ ನಿಪ್ಪಲ್. ಹಳೆಯ ಗ್ರೀಸ್ ಹೊರಬರುವ ತನಕ ಹೊಡೆಯಬೇಕು. ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿ ಓದಿ. 2319 ಅಂದರೆ 2019ರ 23ನೇ ವಾರದ ತಯಾರಿ. ಹತ್ತು ವರ್ಷ ದಾಟಿದ್ದು ಬಟನ್ ಎಷ್ಟೇ ಉಳಿದಿದ್ದರೂ ಬೇಡ. ತಂತಿ ಚಕ್ರವಾದರೆ ಒಳಗೆ ಟ್ಯೂಬ್ ಇರಲೇಬೇಕು. ಸ್ಟೆಪ್ನಿಯನ್ನೂ ನೋಡಿಕೊಳ್ಳಿ. ಅಂದಹಾಗೆ, ನಾವು ದಿನಾ ಹೇಳುವ ಈ ‘ಸ್ಟೆಪ್ನಿ’ ಹುಟ್ಟಿದ್ದು ವೇಲ್ಸ್‌ನ ಲಾನೆಲ್ಲಿ ಪಟ್ಟಣದ ಸ್ಟೆಪ್ನಿ ಬೀದಿಯಲ್ಲಿ. ಈಗ ಬ್ರಿಟನ್ನಿನ ಗ್ಯಾರೇಜಿನಲ್ಲಿ ಆ ಪದ ಹೇಳಿದರೆ ಮಿಕಮಿಕ ನೋಡುತ್ತಾರೆ.

ಜೊತೆಗೆ ಒಯ್ಯಬೇಕಾದ್ದು: ರೋಟರ್, ಪಾಯಿಂಟ್, ಕಂಡೆನ್ಸರ್, ಫ್ಯಾನ್ ಬೆಲ್ಟ್, ರೇಡಿಯೇಟರಿನ ಮೇಲಿನ ಕೆಳಗಿನ ಹೋಸ್, ಆಕ್ಸಿಲರೇಟರ್ ಕೇಬಲ್, ಫ್ಯೂಸು, ಒಂದಿಷ್ಟು ವೈರು, ಲೀಟರ್ ಆಯಿಲ್, ಐದು ಲೀಟರ್ ನೀರು, ಬೆಂಕಿ ಆರಿಸುವ ಸಿಲಿಂಡರ್. ಸ್ಪ್ಯಾನರ್ ಮಿಲಿಮೀಟರಿನದು ಒಯ್ದರೆ ಪ್ರಯೋಜನವಿಲ್ಲ. ಈ ಕಾರಿಗೆ ಬೇಕಾದ್ದು ಇಂಚಿನ ಅಳತೆಯ ಎಎಫ್ ಸ್ಪ್ಯಾನರ್. ಹದಿನಾರರಲ್ಲಿ ಏಳು ಇಂಚು, ಅರ್ಧ ಇಂಚು, ಹದಿನಾರರಲ್ಲಿ ಒಂಬತ್ತು ಇಂಚು ಇವು ಮೂರಿದ್ದರೆ ಬಹಳಷ್ಟು ಕೆಲಸ ಆದೀತು.

ಹೊರಡುವುದಕ್ಕೆ ವಾರ ಮೊದಲು, ಸಾಮಾನೆಲ್ಲ ತುಂಬಿಕೊಂಡು, ಇಬ್ಬರೂ ಕೂತು, 200 ಕಿಲೋಮೀಟರ್ ಓಡಿಸಿ. ಅರ್ಧ ದಾರಿಯಲ್ಲಿ ನಿಲ್ಲಿಸಿ ಕಾದ ಎಂಜಿನನ್ನು ಹತ್ತು ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿ. ತಣ್ಣಗಿದ್ದಾಗ ಕಾಣದ ಎಷ್ಟೋ ತೊಂದರೆ ಆ ಹತ್ತು ನಿಮಿಷದಲ್ಲಿ ಹೊರಬೀಳುತ್ತದೆ. ಆಯಿಲ್ ಪ್ರೆಷರ್ ಓಟದಲ್ಲಿ 50ರಿಂದ 80 ಪೌಂಡ್ ಇರಬೇಕು. ಮನೆಗೆ ಬಂದ ಮೇಲೆ ಚಕ್ರದ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿ, ಕಾರಿನ ಕೆಳಗೆ ಹಳೆಯ ರಟ್ಟು ಹಾಸಿಟ್ಟು ಮನೆಯೊಳಗೆ ಹೋಗಿ ಮಲಗಿ. ಬೆಳಿಗ್ಗೆ ರಟ್ಟಿನ ಮೇಲೆ ಹನಿ ಎಲ್ಲಿ ಬಿದ್ದಿದೆ, ಯಾವ ಬಣ್ಣದ್ದು, ನೋಡಿ. ಎಂಜಿನ್ ಕೆಳಗೆ ಎರಡು ಕಪ್ಪು ಹನಿಯಿದ್ದರೆ ಚಿಂತೆಯಿಲ್ಲ, ಆ ಎಂಜಿನ್ ಹೊಸದಿದ್ದಾಗಲೂ ಅಷ್ಟು ಸೋರುತ್ತಿತ್ತು. ಹಿಂದಿನ ಚಕ್ರದ ಒಳಬದಿಗೆ ಬಿದ್ದ ಹನಿ ಬ್ರೇಕ್ ಸಿಲಿಂಡರಿನದಿರಬಹುದು. ಅದೊಂದಿದ್ದರೆ ಹೊರಡುವ ದಿನವನ್ನು ಮುಂದಕ್ಕೆ ಹಾಕಿ.

ನಮಸ್ಕಾರ.