ಪ್ರಿಂಟ್ ಸರ್ವರ್ ಕೊಳ್ಳುವ ಮುನ್ನ ಪ್ರಿಂಟರನ್ನು ನೋಡಿ

(ದೃಶ್ಯ: ಪ್ರಿಂಟರಿನ ಹಿಂಭಾಗ, ಸಮೀಪದಿಂದ)

ನಮಸ್ಕಾರ. ಈ ಪ್ರಿಂಟರಿನ ಹಿಂಬದಿಯಲ್ಲಿ ನೆಟ್‌ವರ್ಕ್ ಕೇಬಲ್ಲಿಗೆ ಜಾಗವಿಲ್ಲ, ಒಳಗೆ ವೈ-ಫೈ ಕೂಡ ಇಲ್ಲ. ಇರುವುದು ಚೌಕಾಕಾರದ ಒಂದು ಯುಎಸ್‌ಬಿ ಪೋರ್ಟ್ ಮಾತ್ರ. ಇದನ್ನು ನಾಲ್ಕಾರು ಕಂಪ್ಯೂಟರುಗಳು ಹಂಚಿಕೊಳ್ಳಬೇಕಾದರೆ ನಡುವೆ ಪ್ರಿಂಟ್ ಸರ್ವರ್, ಅಂದರೆ ನೆಟ್‌ವರ್ಕಿನಿಂದ ಬಂದ ಮುದ್ರಣದ ಕೆಲಸವನ್ನು ಪ್ರಿಂಟರಿಗೆ ತಲುಪಿಸುವ ಸಾಧನ, ಬೇಕು. ಯಾವ ಸರ್ವರ್ ಎಂಬುದನ್ನು ಮಾತ್ರ ಈ ಪ್ರಿಂಟರೇ ತೀರ್ಮಾನಿಸುತ್ತದೆ.

ಪುಟ ಹೇಗಿರಬೇಕೆಂದು ವಿವರಿಸುವ ಪಿಸಿಎಲ್ ಅಥವಾ ಪೋಸ್ಟ್‌ಸ್ಕ್ರಿಪ್ಟ್ ಭಾಷೆ ತಿಳಿದ ಪ್ರಿಂಟರಾದರೆ, ನೆಟ್‌ವರ್ಕಿನ 9100ನೆಯ ಪೋರ್ಟಿಗೆ (ಇದು ಕೇಬಲ್ ಸಿಕ್ಕಿಸುವ ಜಾಗವಲ್ಲ, ಮುದ್ರಣಕ್ಕೆ ಬಳಸುವ ದಾರಿಯ ಸಂಖ್ಯೆ) ಬಂದ ದತ್ತಾಂಶವನ್ನು ಹಾಗೆಯೇ ಯುಎಸ್‌ಬಿಗೆ ದಾಟಿಸುವ ಪುಟ್ಟ ಪೆಟ್ಟಿಗೆ ಸಾಕು. ತೊಡಕಿರುವುದು ಪುಟ ರೂಪಿಸುವ ಕೆಲಸವನ್ನೆಲ್ಲ ಕಂಪ್ಯೂಟರಿನಲ್ಲಿರುವ ಡ್ರೈವರ್ ಎಂಬ ತಂತ್ರಾಂಶಕ್ಕೆ ಬಿಟ್ಟುಬಿಡುವ ಪ್ರಿಂಟರುಗಳಲ್ಲಿ. ಎಚ್‌ಪಿ ಲೇಸರ್‌ಜೆಟ್ 1020 ಇದಕ್ಕೆ ಒಳ್ಳೆಯ ಉದಾಹರಣೆ: ಅದನ್ನು ಪ್ರತಿ ಸಲ ಆನ್ ಮಾಡಿದಾಗಲೂ ಕಂಪ್ಯೂಟರಿನಿಂದ ಫರ್ಮ್‌ವೇರ್, ಅಂದರೆ ಪ್ರಿಂಟರಿನೊಳಗೆ ನಡೆಯುವ ತಂತ್ರಾಂಶ, ಇಳಿಸಬೇಕಾಗುತ್ತದೆ. ಬರೀ ದತ್ತಾಂಶ ದಾಟಿಸುವ ಪೆಟ್ಟಿಗೆಗೆ ಅದು ಗೊತ್ತಿರುವುದಿಲ್ಲವಾದ್ದರಿಂದ, ದೀಪ ಉರಿಯುತ್ತಿದ್ದರೂ ಕಾಗದ ಹೊರಬರುವುದಿಲ್ಲ.

ಇಂಥ ಪ್ರಿಂಟರಿಗೆ ನನ್ನ ಆಯ್ಕೆ, ಮುದ್ರಣ ನಿರ್ವಹಿಸುವ ಕಪ್ಸ್ ತಂತ್ರಾಂಶ ಹಾಕಿದ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಲಿನಕ್ಸ್ ಕಂಪ್ಯೂಟರ್. ಡ್ರೈವರ್ ಅದರೊಳಗೇ ಇರುವುದರಿಂದ ಫರ್ಮ್‌ವೇರ್ ಇಳಿಸುವುದನ್ನು ಅದೇ ನೋಡಿಕೊಳ್ಳುತ್ತದೆ, ಫೋನಿನಿಂದಲೂ ಮುದ್ರಿಸಬಹುದು. ಒಂದೇ ಎಚ್ಚರಿಕೆ: ಕೆಲವು ತಯಾರಕರ ಲಿನಕ್ಸ್ ಡ್ರೈವರುಗಳು ಇಂಟೆಲ್ ಮಾದರಿಯ ಪ್ರೊಸೆಸರುಗಳಿಗಷ್ಟೇ ಸಿಗುತ್ತವೆ, ಪೈಯಲ್ಲಿರುವುದು ಆರ್ಮ್ ಪ್ರೊಸೆಸರ್. ಹಾಗಿದ್ದಲ್ಲಿ ಮೂಲೆಯಲ್ಲಿ ಕುಳಿತ ಹಳೆಯ ಲ್ಯಾಪ್‌ಟಾಪೇ ಮೇಲು.

(ದೃಶ್ಯ: ಸ್ಕ್ಯಾನರ್ ಇರುವ ಪ್ರಿಂಟರ್)

ಸ್ಕ್ಯಾನರ್ ಕೂಡಿದ ಪ್ರಿಂಟರಾದರೆ ಸಾಮಾನ್ಯ ಪ್ರಿಂಟ್ ಸರ್ವರಿನಲ್ಲಿ ಮುದ್ರಣ ನಡೆದರೂ ಸ್ಕ್ಯಾನಿಂಗ್ ನಡೆಯದಿರುವುದೇ ಹೆಚ್ಚು. ಯುಎಸ್‌ಬಿ ಡಿವೈಸ್ ಸರ್ವರ್ ಎಂಬ ಬೇರೆ ಬಗೆಯ ಸಾಧನ, ಪ್ರಿಂಟರ್ ನೇರವಾಗಿ ನಿಮ್ಮ ಕಂಪ್ಯೂಟರಿಗೇ ಸಿಕ್ಕಿಸಿದೆ ಎಂಬ ಭ್ರಮೆ ಹುಟ್ಟಿಸಿ ಎರಡನ್ನೂ ನಡೆಸಿಕೊಡುತ್ತದೆ. ಆದರೆ ಒಬ್ಬರು ಹಿಡಿದುಕೊಂಡಿರುವಾಗ ಇನ್ನೊಬ್ಬರು ಕಾಯಬೇಕು. ರೌಟರಿನ ಯುಎಸ್‌ಬಿ ಪೋರ್ಟನ್ನು ನಂಬುವ ಮೊದಲು ಅದರ ಕೈಪಿಡಿ ನೋಡಿ, ಹಲವು ರೌಟರುಗಳಲ್ಲಿ ಅದು ಪೆನ್‌ಡ್ರೈವಿಗೆ ಮಾತ್ರ ಮೀಸಲು. ವೇಗದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಸಾಮಾನ್ಯ ಕಡತಗಳಿಗೆ 100 ಮೆಗಾಬಿಟ್ ತಂತಿ ಧಾರಾಳವಾಯಿತು.

ಯಾವುದನ್ನೇ ಕೊಂಡರೂ, ರೌಟರಿನ ಸೆಟ್ಟಿಂಗಿನಲ್ಲಿ ಅದಕ್ಕೊಂದು ಐಪಿ ವಿಳಾಸವನ್ನು (ನೆಟ್‌ವರ್ಕಿನಲ್ಲಿ ಸಾಧನವನ್ನು ಗುರುತಿಸುವ ಸಂಖ್ಯೆ) ಕಾಯ್ದಿರಿಸಿ. ಇಲ್ಲವಾದರೆ ರೌಟರ್ ಆಫ್ ಆಗಿ ಆನ್ ಆದ ಮೇಲೆ ವಿಳಾಸ ಬದಲಾಗಿ, ನಿನ್ನೆ ಮುದ್ರಿಸುತ್ತಿದ್ದ ಕಂಪ್ಯೂಟರುಗಳೆಲ್ಲ ಇಂದು ‘ಪ್ರಿಂಟರ್ ಆಫ್‌ಲೈನ್’ ಎನ್ನಬಹುದು.