ಹಗುರವಾದ ದಿನದ ಮಾತ್ರೆ

ಮಾನ್ಯರೇ,

ನಾವು ಹೇಳಿದ ಮಾತನ್ನು ರೋಗಿಗಳು ಕೇಳುವುದಿಲ್ಲ ಎಂಬ ದೂರನ್ನು ಈ ಸಭಾಂಗಣದಲ್ಲಿರುವ ವೈದ್ಯರು, ದಾದಿಯರು ಪ್ರತಿಯೊಬ್ಬರೂ ಒಂದಲ್ಲ ಒಂದು ದಿನ ಆಡಿರುತ್ತೀರಿ, ನಾನೂ ಆಡಿದ್ದೇನೆ. ದೀರ್ಘಕಾಲದ ಕಾಯಿಲೆಗಳಲ್ಲಿ ಚಿಕಿತ್ಸೆಯನ್ನು ಸರಿಯಾಗಿ ಪಾಲಿಸುವವರ ಪ್ರಮಾಣ ಮುಂದುವರಿದ ದೇಶಗಳಲ್ಲಿಯೂ ಸರಾಸರಿ ಶೇ. 50ರಷ್ಟೇ ಎಂದು ವಿಶ್ವ ಆರೋಗ್ಯ ಸಂಸ್ಥೆ 2003ರ ವರದಿಯಲ್ಲಿ ಹೇಳಿತು. ಅರ್ಧದಷ್ಟು ಜನ ತಪ್ಪುತ್ತಿದ್ದಾರೆಂದರೆ ಅವರೆಲ್ಲರೂ ಮೊಂಡರೆಂದು ನಂಬುವುದು ಕಷ್ಟ. ಮಾತ್ರೆ ಬಿಟ್ಟವರಿಗೆ ಬಿಡಲು ಅವರದೇ ಆದ ಕಾರಣವಿರುತ್ತದೆ, ಆ ಕಾರಣವನ್ನು ಕೇಳದೆ ಕೊಟ್ಟ ಬುದ್ಧಿವಾದ ವ್ಯರ್ಥ ಎಂಬುದನ್ನೇ ಇಂದು ಹೇಳಲು ಬಂದಿದ್ದೇನೆ.

ನನಗೆ ಇದನ್ನು ಕಲಿಸಿದವರು ಅಧಿಕ ರಕ್ತದೊತ್ತಡವಿದ್ದ ಹಿರಿಯರೊಬ್ಬರು. ಸುಮಾರು ಒಂದು ವರ್ಷ ಅವರು ತಪ್ಪದೆ ತಪಾಸಣೆಗೆ ಬರುತ್ತಿದ್ದರು, ಅವರ ಬಿ.ಪಿ.ಯೂ ಅಷ್ಟೇ ತಪ್ಪದೆ ಏರಿರುತ್ತಿತ್ತು. ಪ್ರತಿ ಸಲವೂ ನಾನು ಪಾರ್ಶ್ವವಾಯುವಿನ ಬಗ್ಗೆ, ಮೂತ್ರಪಿಂಡದ ಬಗ್ಗೆ ವಿವರಿಸಿದೆ, ಪ್ರಮಾಣ ಹೆಚ್ಚಿಸಿದೆ, ಎರಡನೆಯ ಮಾತ್ರೆ ಸೇರಿಸಿದೆ. “ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದೀರಲ್ಲವೇ?” ಎಂದು ಕೇಳಿದರೆ “ಹೌದು ಡಾಕ್ಟರೇ” ಎನ್ನುತ್ತಿದ್ದರು. ಹಾಗೆ ಕೇಳಿದರೆ ಬೇರೆ ಉತ್ತರ ಕೊಡುವವರಾದರೂ ಯಾರು? ಒಂದು ದಿನ ನಮ್ಮ ದಾದಿ ಅವರ ತೋಳಿಗೆ ಪಟ್ಟಿ ಸುತ್ತುತ್ತಾ, “ಯಾವ ದಿನ ಮಾತ್ರೆ ಬೇಡವೆನಿಸುತ್ತದೆ?” ಎಂದು ಸಹಜವಾಗಿ ಕೇಳಿದರು. ಅವರು ಅಷ್ಟೇ ಸಹಜವಾಗಿ, “ತಲೆ ಭಾರವಾದ ದಿನ ನುಂಗುತ್ತೇನೆ ಸಿಸ್ಟರ್, ಹಗುರವಾಗಿರುವ ದಿನ ಬಿ.ಪಿ. ಇರುವುದಿಲ್ಲವಲ್ಲ” ಎಂದರು. “ಈಗ ಹೇಗಿದೆ?” ಎಂದು ದಾದಿ ಕೇಳಿದರು. “ಹಗುರವಾಗಿದೆ.” ಯಂತ್ರ 170 ತೋರಿಸುತ್ತಿತ್ತು. ಆ ಅಂಕಿಯನ್ನು ಬಹಳ ಹೊತ್ತು ನೋಡಿದ ಅವರು, “ಹಾಗಾದರೆ ಇದು ನನಗೆ ಗೊತ್ತಾಗುವುದೇ ಇಲ್ಲವೇ?” ಎಂದು ಕೇಳಿದರು. ವರ್ಷವಿಡೀ ನಾನು ಹೇಳಿ ಮುಟ್ಟಿಸಲಾಗದಿದ್ದುದನ್ನು ಅವರೇ ಕಂಡುಕೊಂಡಿದ್ದರು.

ಅವರ ತರ್ಕ ಅವರೊಬ್ಬರದೇ ಅಲ್ಲ. ಅಮೆರಿಕದ ಮನೋವಿಜ್ಞಾನಿ ಹೊವಾರ್ಡ್ ಲೆವೆಂಥಾಲ್ ಮತ್ತು ಸಂಗಡಿಗರು 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರಕ್ತದೊತ್ತಡ ಏರಿದ್ದು ಜನರಿಗೆ ತಿಳಿಯದು ಎಂದು ಒಪ್ಪಿದ ರೋಗಿಗಳಲ್ಲಿಯೇ ಬಹುಪಾಲು ಮಂದಿ, ತಮಗೆ ಮಾತ್ರ ಅದು ತಿಳಿಯುತ್ತದೆ ಎಂದು ನಂಬಿದ್ದರು. ಪ್ರತಿಯೊಬ್ಬರೂ ತಮ್ಮ ಕಾಯಿಲೆಗೆ ತಮ್ಮದೇ ವಿವರಣೆ ಕಟ್ಟಿಕೊಂಡಿರುತ್ತಾರೆ, ಮಾತ್ರೆ ನುಂಗುವುದೂ ಬಿಡುವುದೂ ಆ ವಿವರಣೆಗೆ ತಕ್ಕಂತೆಯೇ ನಡೆಯುತ್ತದೆ.

ಜನರ ಆರೋಗ್ಯದ ನಡವಳಿಕೆಯನ್ನು ಅವರ ನಂಬಿಕೆಗಳಿಂದ ವಿವರಿಸುವ ‘ಆರೋಗ್ಯ ನಂಬಿಕೆ ಮಾದರಿ’ ಎಂಬ ಸಿದ್ಧಾಂತ ಹುಟ್ಟಿದ್ದೂ ಇಂಥದೇ ಕಗ್ಗಂಟಿನಿಂದ. 1950ರ ದಶಕದಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆಯು ಕ್ಷಯ ಪತ್ತೆಗಾಗಿ ಎಕ್ಸ್-ರೇ ವಾಹನಗಳನ್ನು ಜನರಿದ್ದಲ್ಲಿಗೇ ಕಳುಹಿಸಿತು. ನಿರೀಕ್ಷಿಸಿದಷ್ಟು ಜನ ಬರಲಿಲ್ಲ. ಆ ಸೇವೆಯಲ್ಲಿದ್ದ ಮನೋವಿಜ್ಞಾನಿಗಳಾದ ಹಾಕ್‌ಬಾಮ್, ರೋಸೆನ್‌ಸ್ಟಾಕ್ ಮೊದಲಾದವರು ಜನರನ್ನು ದೂರುವ ಬದಲು ಕಾರಣ ಹುಡುಕಿದರು. ಈ ಕಾಯಿಲೆ ನನಗೆ ಬರಬಹುದೇ, ಬಂದರೆ ಎಷ್ಟು ಕೆಟ್ಟದ್ದು, ಹೇಳಿದ ಉಪಾಯದಿಂದ ಲಾಭವೆಷ್ಟು, ಅದಕ್ಕಿರುವ ಅಡ್ಡಿಗಳೇನು ಎಂಬ ಲೆಕ್ಕಾಚಾರ ಮನಸ್ಸಿನಲ್ಲಿ ನಡೆಯುತ್ತದೆ ಎಂಬುದು ಅವರ ತಿಳಿವು. ನಮ್ಮ ಹಿರಿಯರನ್ನು ಈ ಕನ್ನಡಿಯಲ್ಲಿ ನೋಡಿ. ಪಾರ್ಶ್ವವಾಯು ಭಯಂಕರವೆಂಬುದರಲ್ಲಿ ಅವರಿಗೆ ಸಂಶಯವೇ ಇರಲಿಲ್ಲ. ತಲೆ ಹಗುರವಾದ ದಿನವೂ ಅಪಾಯ ತಮ್ಮದೇ ಎಂಬುದನ್ನು ಮಾತ್ರ ಅವರು ನಂಬಿರಲಿಲ್ಲ. ನಾನೋ ವರ್ಷವಿಡೀ, ಅವರು ಮೊದಲೇ ನಂಬಿದ್ದನ್ನೇ ನಂಬಿಸಲು ಹೊರಟಿದ್ದೆ. ಸಿದ್ಧಾಂತದ ಉಪಯೋಗ ಇರುವುದು ಇಲ್ಲಿ: ಯಾವ ನಂಬಿಕೆ ಕೊರತೆಯಾಗಿದೆ ಎಂದು ತಿಳಿದ ಮೇಲೆ ಮಾತಾಡುವುದು.

ಇನ್ನು ಕೆಲವರಿಗೆ ಕಾಯಿಲೆಗಿಂತ ಔಷಧದ ಭಯವೇ ದೊಡ್ಡದು: ಒಗ್ಗಿಹೋದೀತು, ದೇಹ ಕೆಟ್ಟೀತು ಎಂಬ ಅಳುಕು. ಮಾತ್ರೆ ಪಾಲನೆಯ ಬಗ್ಗೆ ಸಂಶೋಧನೆ ಮಾಡಿದ ರಾಬ್ ಹಾರ್ನ್ ಇದನ್ನು ಅಗತ್ಯ ಮತ್ತು ಆತಂಕಗಳ ತೂಗಾಟವೆಂದು ಕಂಡರು. ಆತಂಕದ ತಟ್ಟೆ ಭಾರವಾಗಿರುವಾಗ ಅಗತ್ಯವನ್ನಷ್ಟೇ ಹೇಳುತ್ತಾ ಹೋದರೆ ಸಾಲದು. ಆ ಅಳುಕನ್ನು ಬಾಯಿಬಿಟ್ಟು ಹೇಳಲು ಎಡೆಕೊಡಬೇಕು, ಅದಕ್ಕಾಗಿ ಮತ್ತೆ ನಾವು ಕೇಳಲೇಬೇಕು.

ಬೇಕೆಂದಿದ್ದರೂ ತನ್ನಿಂದಾಗದು ಎನ್ನುವವರೂ ಇದ್ದಾರೆ. ಸ್ವಸಾಮರ್ಥ್ಯದ ನಂಬಿಕೆಯ, ಅಂದರೆ ಇದು ನನ್ನಿಂದಾಗುತ್ತದೆ ಎಂಬ ನಂಬಿಕೆಯ ಬಗ್ಗೆ ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ 1977ರಲ್ಲಿ ಬರೆದಾಗ, ಆ ನಂಬಿಕೆಯನ್ನು ಎಲ್ಲಕ್ಕಿಂತ ಹೆಚ್ಚಾಗಿ ಬೆಳೆಸುವುದು ಸ್ವತಃ ಮಾಡಿ ಗೆದ್ದ ಅನುಭವ ಎಂದರು. ಆದ್ದರಿಂದ ಇನ್ಸುಲಿನ್‌ಗೆ ಹೆದರುವವರಿಗೆ ಕರಪತ್ರ ಕೊಟ್ಟು ಕಳುಹಿಸಬೇಡಿ. ಮೊದಲ ಚುಚ್ಚುಮದ್ದನ್ನು ನಿಮ್ಮೆದುರಿಗೇ, ಅವರ ಕೈಯಿಂದಲೇ ಹಾಕಿಸಿ.

ಸಮಯ ಮುಗಿಯುತ್ತಿದೆ ಎಂದು ಅಧ್ಯಕ್ಷರು ಸೂಚಿಸುತ್ತಿದ್ದಾರೆ. ಜನ ತಮ್ಮ ರೂಢಿಯನ್ನು ಹಂತ ಹಂತವಾಗಿ ಬದಲಿಸುತ್ತಾರೆ ಎಂದ ಮನೋವಿಜ್ಞಾನಿಗಳಾದ ಪ್ರೊಚಾಸ್ಕ ಮತ್ತು ಡಿಕ್ಲೆಮೆಂಟೆಯವರ ಬದಲಾವಣೆಯ ಹಂತಗಳನ್ನು ವಿವರವಾಗಿ ಹೇಳಬೇಕೆಂದಿದ್ದೆ. ಇನ್ನೂ ಯೋಚನೆಯನ್ನೇ ಮಾಡದವರಿಗೆ ವೇಳಾಪಟ್ಟಿ ಕೊಟ್ಟು ಪ್ರಯೋಜನವಿಲ್ಲ ಎಂದಷ್ಟೇ ಹೇಳುತ್ತೇನೆ. ಕೇವಲ ಮರೆಯುವವರಿಗೆ ಉಪದೇಶ ಬೇಡ, “ಹಲ್ಲುಜ್ಜಿದ ಕೂಡಲೇ ಮಾತ್ರೆ” ಎಂಬಂತೆ ಈಗಾಗಲೇ ಇರುವ ರೂಢಿಗೆ ಅದನ್ನು ಗಂಟುಹಾಕಿದರೆ ಸಾಕಾಗಬಹುದು.

ಪ್ರಶ್ನೆಯ ಧಾಟಿಯ ಬಗ್ಗೆ ಒಂದು ಮಾತು. “ಮಾತ್ರೆ ತಪ್ಪುವುದು ಎಲ್ಲರಿಗೂ ಆಗುತ್ತದೆ; ಕಳೆದ ವಾರ ನಿಮಗೆ ಎಷ್ಟು ದಿನ ತಪ್ಪಿತು, ಏಕೆ?” ಎಂದು ಕೇಳಿ ನೋಡಿ, ಅವರು ಹೇಳಿದ ಕಾರಣವನ್ನು ಬಿ.ಪಿ. ಅಂಕಿಯ ಪಕ್ಕದಲ್ಲಿಯೇ ಅವರದೇ ಮಾತಿನಲ್ಲಿ ಬರೆದಿಡಿ. ಇನ್ನು ನಿಮ್ಮ ಪ್ರಶ್ನೆಗಳಿಗೆ ಬರೋಣ. ದಾದಿಯರ ಪ್ರಶ್ನೆಗಳನ್ನು ಮೊದಲು ಕೇಳಬಯಸುತ್ತೇನೆ.