ದೊಡ್ಡದು ಬಂದಾಯ್ತಾ, ಇನ್ನೂ ಬರಬೇಕಾ?

ಕೇಳುಗರೇ, ನಮಸ್ಕಾರ.

2016ರ ಏಪ್ರಿಲ್ 14, ರಾತ್ರಿ ಒಂಬತ್ತೂವರೆ ಹೊತ್ತು. ಜಪಾನಿನ ಕುಮಾಮೊಟೊದಲ್ಲಿ 6.5 ತೀವ್ರತೆಯ ಭೂಕಂಪ ಆಯಿತು. ಆಮೇಲೂ ನೆಲ ಅದುರುತ್ತಲೇ ಇತ್ತು. ದೊಡ್ಡದು ಮುಗಿಯಿತು, ಇವೆಲ್ಲ ಅದರ ಬೆನ್ನಿಗೆ ಬರುವ ಪಶ್ಚಾತ್ ಕಂಪನಗಳು ಅಂತ ನಂಬಿ ಕೆಲವರು ಮನೆಗೆ ವಾಪಸ್ ಹೋಗಿ ಮಲಗಿದರು. 28 ಗಂಟೆ ಕಳೆದ ಮೇಲೆ, ನಡುರಾತ್ರಿ ದಾಟಿದ ಹೊತ್ತಿಗೆ, 7.3 ತೀವ್ರತೆಯದು ಬಂತು. ಮೊದಲಿನದು ಬರೀ ಪೂರ್ವಕಂಪನ, ಅಂದರೆ ದೊಡ್ಡದಕ್ಕೆ ಮುಂಚೆ ಬರುವ ಕಂಪನವಾಗಿತ್ತು. ಹಾಗೆ ಮನೆಗೆ ಹೋದವರಲ್ಲಿ ಕೆಲವರು ಮತ್ತೆ ಏಳಲಿಲ್ಲ.

ಒಂದು ಕಂಪನ ಪೂರ್ವದ್ದೋ ಪಶ್ಚಾತ್ತಿನದೋ ಅಂತ ಯಂತ್ರದಲ್ಲಿ ಮೂಡಿದ ಅದರ ಗೀಟು ನೋಡಿ ಹೇಳೋಕೆ ಆಗುವುದಿಲ್ಲ. ದೊಡ್ಡದು ಬಂದ ಮೇಲಷ್ಟೇ ಹಿಂದಿನದಕ್ಕೆ ಹೆಸರು ಸಿಗುತ್ತದೆ. ಹಾಗಾದರೆ ಮೊದಲೇ ತಿಳಿಯುವ ದಾರಿ ಇಲ್ಲವೇ?

ಒಂದು ದಾರಿ ಎಣಿಕೆ. ಸಾಮಾನ್ಯವಾಗಿ ಒಂದು ಜಾಗದಲ್ಲಿ 4ರ ತೀವ್ರತೆಯ ಕಂಪನ ಒಂದಾದರೆ, 3ರದ್ದು ಸುಮಾರು ಹತ್ತು, 2ರದ್ದು ನೂರು ಆಗುತ್ತವೆ. ಈ ಲೆಕ್ಕವನ್ನು ಹೇಳುವ ಅಂಕಿಗೆ ಬಿ-ಮೌಲ್ಯ ಅಂತಾರೆ. ದೊಡ್ಡ ಭೂಕಂಪ ಆಗಿ ಬಂಡೆಯ ಒತ್ತಡ ಇಳಿದರೆ ಚಿಕ್ಕವುಗಳ ಪಾಲು ಜಾಸ್ತಿಯಾಗುತ್ತದೆ, ಬಿ ಏರುತ್ತದೆ. ಒತ್ತಡ ಇನ್ನೂ ಬಿಗಿಯಾಗೇ ಇದ್ದರೆ ಬಿ ಇಳಿಯುತ್ತದೆ. 2019ರಲ್ಲಿ ಭೂಕಂಪ ವಿಜ್ಞಾನಿಗಳಾದ ಲಾರಾ ಗುಲಿಯಾ ಮತ್ತು ಸ್ಟೆಫಾನ್ ವೀಮರ್ 'ನೇಚರ್' ಪತ್ರಿಕೆಯಲ್ಲಿ ಇದನ್ನೇ ಟ್ರಾಫಿಕ್ ಸಿಗ್ನಲ್ ಮಾಡಿ ತೋರಿಸಿದರು. ಆ ಜಾಗದ ಮಾಮೂಲಿ ಮಟ್ಟಕ್ಕಿಂತ ಬಿ ನೂರಕ್ಕೆ 10ರಷ್ಟು ಏರಿದರೆ ಹಸಿರು, ಅಂದರೆ ದೊಡ್ಡದು ಮುಗಿದಿರಬಹುದು. ಅಷ್ಟೇ ಇಳಿದರೆ ಕೆಂಪು, ಇನ್ನೂ ದೊಡ್ಡದು ಬರಬಹುದು. ನಡುವೆ ಇದ್ದರೆ ಹಳದಿ, ಹೇಳಲಾಗದು. ಕುಮಾಮೊಟೊದ ಹಳೆಯ ದಾಖಲೆಗೆ ಕೆಂಪು ಬಂತು. ಇಟಲಿಯ ಅಮಾತ್ರಿಚೆಯಲ್ಲಿ 2016ರ ಆಗಸ್ಟ್‌ನಲ್ಲಿ ಆದದ್ದಕ್ಕೂ ಕೆಂಪೇ. ಎರಡು ತಿಂಗಳ ಮೇಲೆ ಅಲ್ಲೇ ಹತ್ತಿರದ ನೋರ್ಚಾದಲ್ಲಿ ಇನ್ನೂ ದೊಡ್ಡದು ಆಗಿತ್ತು. ಒಟ್ಟು 58 ಕಂಪನ ಸರಣಿಗಳಲ್ಲಿ ನೂರಕ್ಕೆ 95ರಷ್ಟು ಉತ್ತರ ಸರಿ ಎಂದರು.

ಈ 95 ಕೇಳೋಕೆ ಚೆನ್ನಾಗಿದೆ, ಅಲ್ವಾ? ನನಗೆ ಇಲ್ಲೇ ತಡೆದು ಕೇಳಬೇಕು ಅನಿಸುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ನೂರು ಕಂಪನ ಆದರೆ ಒಂದು ವಾರದೊಳಗೆ ಅದಕ್ಕಿಂತ ದೊಡ್ಡದು ಬರುವುದು ಸುಮಾರು ಐದಕ್ಕೆ ಮಾತ್ರ. ಅಂದರೆ ಯಾವುದನ್ನೂ ಅಳೆಯದೆ, ಸುಮ್ನೆ ಪ್ರತಿ ಸಲ 'ಹಸಿರು' ಅಂದವರೂ 95 ಸಲ ಸರಿಯೇ! ಬಳ್ಳಾರಿಯಲ್ಲಿ ಬೇಸಿಗೆ ಪೂರ್ತಿ ದಿನಾ 'ಇವತ್ತು ಮಳೆ ಇಲ್ಲ' ಅಂದ ಹಾಗೆ. ನಮಗೆ ಬೇಕಿರುವುದು ಆಲಿಕಲ್ಲು ಬೀಳುವ ದಿನದ ಮಾತು. ಆ 58ರಲ್ಲಿ ನಿಜವಾದ ಪೂರ್ವಕಂಪನಗಳು ಬೆರಳೆಣಿಕೆಯಷ್ಟೇ. ಹಾಗಾಗಿ ಪರೀಕ್ಷೆಯ ಭಾರವೆಲ್ಲ ಅವುಗಳ ಮೇಲೇ ಇದೆ.

ಇನ್ನೊಂದು ತೊಡಕು ಎಣಿಕೆಯದ್ದೇ. ದೊಡ್ಡ ಕಂಪನದ ಅಲೆಗಳು ಇನ್ನೂ ಓಡುತ್ತಿರುವಾಗ ಚಿಕ್ಕವು ಅದರಲ್ಲಿ ಮುಳುಗಿ ಹೋಗುತ್ತವೆ. ಯಂತ್ರಕ್ಕೆ ಕಾಣದ್ದು ಪಟ್ಟಿಗೆ ಸೇರುವುದಿಲ್ಲ. ಆಗ ಬಿ ಸುಳ್ಳುಸುಳ್ಳೇ ಇಳಿದಂತೆ ತೋರುತ್ತದೆ. ಮೊದಲ ಎಷ್ಟು ಗಂಟೆ ಬಿಟ್ಟು ಎಣಿಸಬೇಕು, ಸುತ್ತ ಎಷ್ಟು ಜಾಗ ಹಿಡಿಯಬೇಕು ಅನ್ನುವುದನ್ನು ಆರಿಸುವವರು ಮನುಷ್ಯರು. ದೊಡ್ಡದು ಬಂದದ್ದು ಗೊತ್ತಿದ್ದೂ ಆರಿಸಿದರೆ ಅದು ಪರೀಕ್ಷೆ ಆಗುವುದಿಲ್ಲ. ಭೂಮಿ ಅದುರುವ ಮೊದಲೇ ನಿಯಮ ಬರೆದಿಟ್ಟಿರಬೇಕು.

ಪ್ರಬಂಧ ಬಂದ ವರ್ಷವೇ, ಜುಲೈ 4ರಂದು, ಕ್ಯಾಲಿಫೋರ್ನಿಯಾದ ರಿಡ್ಜ್‌ಕ್ರೆಸ್ಟ್‌ನಲ್ಲಿ 6.4 ಆಯಿತು. 34 ಗಂಟೆ ಬಿಟ್ಟು 7.1. ಆಮೇಲೆ ಬೇರೆ ತಂಡವೊಂದು ಲೆಕ್ಕ ಹಾಕಿ ನೋಡಿತು. ಮೊದಲ ಕಂಪನಕ್ಕೆ ಅಪಾಯದ ಸೂಚನೆ ಸಿಕ್ಕಿತು. ಆದರೆ ಆಯ್ಕೆಗಳನ್ನು ಸ್ವಲ್ಪ ಅತ್ತಿತ್ತ ಮಾಡಿದರೆ ಹೆಚ್ಚಿನ ಸಲ ದೀಪ ಅಸ್ಪಷ್ಟ.

ಕೆರಿಬಿಯನ್ ದ್ವೀಪ ಪೋರ್ಟೊ ರಿಕೊದಲ್ಲಿ ಇನ್ನೂ ಕಷ್ಟವಾಯಿತು. 2020ರ ಜನವರಿ 7ರಂದು ಅಲ್ಲಿ 6.4 ಬಂತು. ಅದೇ ದೊಡ್ಡದು. ನಿಯಮದಂತೆ ಆಮೇಲೆ ಬಿ ಏರಬೇಕಿತ್ತು. ಫೆಬ್ರವರಿ ನಡುವಿನವರೆಗೂ ಇಳಿದೇ ಇತ್ತು. ಆ ದಿನಗಳಲ್ಲಿ ಸಾವಿರಾರು ಜನ ಮನೆಯೊಳಗೆ ಮಲಗಲು ಹೆದರಿ ಬಯಲಲ್ಲೇ ರಾತ್ರಿ ಕಳೆಯುತ್ತಿದ್ದರು. ಕೆಂಪು ದೀಪ ನಂಬಿದ್ದರೆ ಅವರು ಬಯಲಲ್ಲೇ ಇನ್ನೂ ಕಾಯಬೇಕಿತ್ತು, ಬಾರದೇ ಹೋದ ಒಂದು ಭೂಕಂಪಕ್ಕಾಗಿ.